ಊರಿನ ಬೆಳೆಯೂ ಊರಿನ ಊಟವೂ

ರಾಗಿ ಸೀಮೆಯ ಜನರ ಆಹಾರವು ಮಾರ್ಪಟ್ಟ ಬಗೆ, ಅದರಿಂದ ಆರೋಗ್ಯಕ್ಕೆ ಉಂಟಾದ ಲಾಭನಷ್ಟಗಳು, ಗ್ರಾಮಸ್ಥರು ಮಾಡತಕ್ಕ ಕೆಲಸಗಳು

1. ವಿಷಯದ ಸ್ವರೂಪ

ಮನುಷ್ಯನು ಏನನ್ನು ತಿನ್ನುವನೆಂಬುದು ಅವನ ನಾಲಗೆಯ ರುಚಿಗೆ ಸೇರಿದ ವಿಷಯವೆಂದು ಸಾಮಾನ್ಯವಾಗಿ ಎಲ್ಲರೂ ತಿಳಿದಿರುವರು. ಆದಕಾರಣ ಊರಿನಲ್ಲಿ ಮಕ್ಕಳು ಬಡಕಲಾಗಿ ಬೆಳೆದರೆ ಅದು ತಾಯಂದಿರ ಅಜಾಗ್ರತೆಯೆಂದೂ, ನಡುವಯಸ್ಸಿನವರಿಗೆ ಮಧುಮೇಹವು ತಗಲಿದರೆ ಅದು ಅವರ ಚಪಲವೆಂದೂ ಹೇಳಿ ಸುಮ್ಮನಾಗುವುದು ರೂಢಿಯಾಗಿದೆ. ಈ ಅಭಿಪ್ರಾಯದಲ್ಲಿ ನಿಜವಿಲ್ಲದೆ ಇಲ್ಲ. ಆದರೆ ಪೂರ್ಣವಾದ ನಿಜವೂ ಇಲ್ಲ. ತಟ್ಟೆಗೆ ಬರುವ ಧಾನ್ಯವು ಅದಕ್ಕೆ ಮುಂಚೆ ನಾಲ್ಕು ಬಾಗಿಲುಗಳನ್ನು ದಾಟಿ ಬರಬೇಕು. ಮೊದಲನೆಯದು ಹೊಲ, ಎರಡನೆಯದು ನೀರು, ಮೂರನೆಯದು ಗಿರಣಿ, ನಾಲ್ಕನೆಯದು ಅಂಗಡಿ. ಈ ನಾಲ್ಕು ಬಾಗಿಲುಗಳಲ್ಲಿ ಯಾವುದು ತೆರೆದಿದೆಯೋ ಅದರ ಮೂಲಕ ಬಂದುದನ್ನೇ ಜನರು ತಿನ್ನುವರು. ಬಹುದಿನ ತಿಂದುದೇ ಅವರಿಗೆ ರುಚಿಯಾಗಿ ಪರಿಣಮಿಸುವುದು.

ಇವುಗಳನ್ನು ತೆರೆಯುವವರೂ ಮುಚ್ಚುವವರೂ ಯಾರು? ಕೆಲವು ವೇಳೆ ಮಳೆಬೆಳೆಗಳು. ಕೆಲವು ವೇಳೆ ಸರ್ಕಾರದ ನಿಯಮಗಳು. ಕೆಲವು ವೇಳೆ ಊರಿನ ಜಮೀನುದಾರರೇ. ಹಿಂದಿನ ಮೈಸೂರು ಸಂಸ್ಥಾನಕ್ಕೆ ಸೇರಿದ್ದ ಬೆಂಗಳೂರು, ಕೋಲಾರ, ತುಮಕೂರು, ಹಾಸನ, ಮಂಡ್ಯ, ಮೈಸೂರು ಮುಂತಾದ ರಾಗಿ ಸೀಮೆಯ ಜಿಲ್ಲೆಗಳ ಊಟವು ಸುಮಾರು ನೂರು ವರ್ಷಗಳಲ್ಲಿ ಹೇಗೆ ಬದಲಾಯಿತೆಂಬುದನ್ನು ನೋಡಿದರೆ ಈ ಮಾತು ಸ್ಪಷ್ಟವಾಗುವುದು. ಅದನ್ನು ವಿವರಿಸಿ, ಜಮೀನುದಾರರೂ ಗ್ರಾಮದ ಯಜಮಾನರೂ ತಮ್ಮ ಕೈಲಿರುವ ಮಟ್ಟಿಗೆ ಏನು ಮಾಡಬಹುದೆಂಬುದನ್ನು ತಿಳಿಸುವುದೇ ಈ ಕರಪತ್ರದ ಉದ್ದೇಶ.

2. ಮೊದಲನೆಯ ಬಾಗಿಲು: ಹೊಲ

ರಾಗಿಯು ಕೆಂಪು ಮಣ್ಣಿನ ಖುಷ್ಕಿ ಹೊಲಗಳ ಬೆಳೆ. ಹದವಾದ ಮಳೆ ಬಿದ್ದೊಡನೆ ಕೂರಿಗೆಯಿಂದ ರಾಗಿಯನ್ನು ಬಿತ್ತಿ, ಅದರ ನಡುನಡುವೆ ಸಡ್ಡೆಯಿಂದ ಅಕ್ಕಡಿ ಸಾಲುಗಳನ್ನು ಇಡುವುದು ಈ ಸೀಮೆಯ ಹಳೆಯ ಪದ್ಧತಿ. ಅಕ್ಕಡಿಯಲ್ಲಿ ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು, ಹರಳು, ಸಾಸಿವೆ, ಜೋಳ ಮುಂತಾದುವು ಸೇರುತ್ತಿದ್ದವು. ರಾಗಿ ಕೈತಪ್ಪಿದರೂ ಅಕ್ಕಡಿಯಲ್ಲಿ ಒಂದಷ್ಟು ಸಿಕ್ಕುವುದೆಂಬುದೇ ರೈತನು ಈ ಪದ್ಧತಿಗೆ ಕೊಡುತ್ತಿದ್ದ ಕಾರಣ. ಆದರೆ ಅದರಿಂದ ಆಗುತ್ತಿದ್ದ ಇನ್ನೊಂದು ಪ್ರಯೋಜನವನ್ನು ಅನೇಕರು ಎಣಿಸಿರಲಾರರು. ಒಂದೇ ಹೊಲದಿಂದ ಮುದ್ದೆಗೆ ಹಿಟ್ಟು, ಸಾರಿಗೆ ಬೇಳೆಕಾಳು, ಒಗ್ಗರಣೆಗೆ ಎಣ್ಣೆಕಾಳು, ದನಕ್ಕೆ ಹುಲ್ಲು, ಆ ದನದಿಂದ ಹಾಲುಮಜ್ಜಿಗೆ ಇಷ್ಟೂ ಮನೆಗೆ ಬರುತ್ತಿದ್ದವು. ಕಳೆ ತೆಗೆಯುವಾಗ ಅಣ್ಣೆಸೊಪ್ಪು, ಗೋಣಿಸೊಪ್ಪು ಮೊದಲಾದುವನ್ನು ಹೆಂಗಸರು ಮಡಿಲಿನಲ್ಲಿ ತುಂಬಿ ತರುತ್ತಿದ್ದರು. ಹೊಲವೇ ಒಂದು ಊಟದ ಎಲೆಯಂತೆ ಇದ್ದಿತು.

ರಾಗಿಗೆ ಇನ್ನೊಂದು ಗುಣವುಂಟು. ಅದರ ಕಾಳು ಅತಿ ಚಿಕ್ಕದಾಗಿಯೂ ಗಟ್ಟಿಯಾಗಿಯೂ ಇರುವುದರಿಂದ ಅದಕ್ಕೆ ಹುಳು ಹಿಡಿಯುವುದು ಅಪರೂಪ. ಚೆನ್ನಾಗಿ ಒಣಗಿಸಿ ಹಗೇವಿನಲ್ಲಿ ತುಂಬಿದ ರಾಗಿಯು ಅನೇಕ ವರ್ಷಗಳವರೆಗೆ ಕೆಡದೆ ಇರುವುದು. ಕನಕದಾಸರ ರಾಮಧಾನ್ಯಚರಿತೆಯಲ್ಲಿ ನೆಲ್ಲಿಗೂ ರಾಗಿಗೂ ವಾದವುಂಟಾಗಿ, ಎರಡನ್ನೂ ಆರು ತಿಂಗಳು ಸೆರೆಯಲ್ಲಿಟ್ಟಾಗ ರಾಗಿಯೇ ಕಸುವಿಗೆಡದೆ ಉಳಿಯುವ ಕಥೆಯು ಬಂದಿರುವುದು ಈ ಗುಣವನ್ನು ಜನರು ಎಷ್ಟು ಹಿಂದಿನಿಂದ ಬಲ್ಲರೆಂಬುದಕ್ಕೆ ಸಾಕ್ಷಿ. ಅನ್ನವು ಹಬ್ಬಕ್ಕೂ ನೆಂಟರಿಗೂ ಮೀಸಲು, ಮುದ್ದೆಯು ದಿನದ ಊಟ ಎಂಬ ತಾರತಮ್ಯವೂ ಅಷ್ಟೇ ಹಳೆಯದು. ಅನ್ನವುಂಡರೆ ಮೇಲು, ಹಿಟ್ಟುಂಡರೆ ಕೀಳು ಎಂಬ ಭಾವನೆಯು ಮುಂದೆ ಹೇಳುವ ಬದಲಾವಣೆಗಳಿಗೆ ದಾರಿಯನ್ನು ಸುಲಭಮಾಡಿತು.

ಹಾಗೆಂದು ಹಿಂದಿನ ಕಾಲವೆಲ್ಲ ಸುಭಿಕ್ಷವಾಗಿತ್ತೆಂದು ತಿಳಿಯಬಾರದು. 1876ರಿಂದ 1878ರವರೆಗೆ ಬಂದ ಧಾತು ಈಶ್ವರ ಸಂವತ್ಸರಗಳ ಬರದಲ್ಲಿ ಮಳೆಯು ಮೇಲಿಂದಮೇಲೆ ತಪ್ಪಿದುದರಿಂದ ಹೊಲವೂ ಒಣಗಿತು, ಹಗೇವೂ ಬರಿದಾಯಿತು. 1871ರ ಖಾನೇಷುಮಾರಿಯಲ್ಲಿ 50 ಲಕ್ಷಕ್ಕೆ ಮೀರಿದ್ದ ಮೈಸೂರು ಸೀಮೆಯ ಜನಸಂಖ್ಯೆಯು 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಮಳೆಯೊಂದನ್ನೇ ನಂಬಿದ ಹೊಲವು ಒಳ್ಳೆಯ ವರ್ಷದಲ್ಲಿ ಪೂರ್ಣವಾದ ಊಟವನ್ನೂ ಕೆಟ್ಟ ವರ್ಷದಲ್ಲಿ ಸಾವನ್ನೂ ಕೊಡುತ್ತಿತ್ತು. ಕಾಲುವೆಯನ್ನೂ ಪಡಿತರವನ್ನೂ ಕುರಿತು ಮುಂದೆ ಹೇಳುವ ಮಾತುಗಳನ್ನು ಓದುವಾಗ ಈ ಸಂಗತಿಯನ್ನು ಮರೆಯಲಾಗದು.

3. ಎರಡನೆಯ ಬಾಗಿಲು: ನೀರು

ಕಾವೇರಿಗೆ ಕನ್ನಂಬಾಡಿಯ ಬಳಿ ಅಣೆಕಟ್ಟನ್ನು ಕಟ್ಟುವ ಕೆಲಸವು 1911ರಲ್ಲಿ ಮೊದಲಾಯಿತು. ಕೃಷ್ಣರಾಜಸಾಗರದ ನೀರು 1930ರ ದಶಕದಲ್ಲಿ ಇರ್ವಿನ್ ನಾಲೆಯ ಮೂಲಕ, ಎಂದರೆ ಮುಂದೆ ವಿಶ್ವೇಶ್ವರಯ್ಯ ನಾಲೆಯೆಂದು ಹೆಸರಾದ ಕಾಲುವೆಯ ಮೂಲಕ, ಮಂಡ್ಯದ ಸೀಮೆಗೆ ಹರಿಯಿತು. 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿಯು ಸ್ಥಾಪಿತವಾಯಿತು. ರಾಗಿಯನ್ನೂ ಹುರುಳಿಯನ್ನೂ ಬೆಳೆದು ಮೋಡದ ಕಡೆ ನೋಡುತ್ತಿದ್ದ ಹೊಲಗಳು ಗದ್ದೆಗಳಾಗಿ ಭತ್ತವನ್ನೂ ಕಬ್ಬನ್ನೂ ಬೆಳೆದವು. ಬರದ ಭಯವು ನೀಗಿತು. ರೈತನ ಕೈಗೆ ಹಣ ಬಂದಿತು. ಮನೆಗಳು ಹೆಂಚಿನವಾದವು, ಮಕ್ಕಳು ಶಾಲೆ ಕಂಡರು. ಇದು ಸಣ್ಣ ಲಾಭವಲ್ಲ.

ಆದರೆ ಭತ್ತದ ಗದ್ದೆಯಲ್ಲಿ ನೀರು ನಿಲ್ಲುವುದರಿಂದ ಅಲ್ಲಿ ಅಕ್ಕಡಿ ಸಾಲಿಗೆ ಸ್ಥಳವಿಲ್ಲ. ಕೆಸರಿನಲ್ಲಿ ಅವರೆಯೂ ತೊಗರಿಯೂ ಬಾಳಲಾರವು; ಬದುವಿನ ಮೇಲೆ ನಾಲ್ಕು ಅಲಸಂದೆ ಗಿಡಗಳು ಉಳಿದರೆ ಹೆಚ್ಚು. ಕಬ್ಬಿನ ತೋಟವಂತೂ ವರ್ಷವಿಡೀ ಭೂಮಿಯನ್ನು ತಾನೇ ಹಿಡಿದುಕೊಳ್ಳುವುದು. ರಾಗಿಹುಲ್ಲಿಗಿಂತ ಭತ್ತದ ಹುಲ್ಲು ದನಗಳಿಗೆ ಕಡಿಮೆ ಪುಷ್ಟಿಕರವಾದುದು. ಹೀಗೆ ಒಂದು ಧಾನ್ಯದ ಬದಲು ಇನ್ನೊಂದು ಧಾನ್ಯ ಬಂದಿತೆಂದು ಹೊರನೋಟಕ್ಕೆ ಕಂಡರೂ, ನಿಜವಾಗಿ ಹೋದುದು ಒಂದು ಧಾನ್ಯ ಮಾತ್ರವಲ್ಲ. ಅದರ ಸಂಗಡ ಬರುತ್ತಿದ್ದ ಬೇಳೆ, ಎಣ್ಣೆ, ಸೊಪ್ಪು ಇವುಗಳೂ ಹೊಲದಿಂದ ಹೊರಟುಹೋದವು. ಅವನ್ನು ಇನ್ನು ಹಣ ಕೊಟ್ಟು ಕೊಳ್ಳಬೇಕಾಯಿತು. ಹಣವಿದ್ದ ಜಮೀನುದಾರನು ಕೊಂಡನು. ಅವನ ಗದ್ದೆಯಲ್ಲಿ ನಾಟಿ ಹಾಕಿದ ಕೂಲಿಯವಳು ಕೊಳ್ಳಲಾರದೆ ಬರಿಯ ಅನ್ನಕ್ಕೆ ಹುಳಿನೀರನ್ನು ಕಲಸಿಕೊಂಡಳು.

ಕಾಲುವೆಯಿಲ್ಲದ ಕಡೆಗಳಲ್ಲಿಯೂ ಬದಲಾವಣೆಯು ಬೇರೆ ದಾರಿಯಿಂದ ಬಂದಿತು. ಕೊಳವೆ ಬಾವಿಗಳು ಹೆಚ್ಚಿದ ಮೇಲೆ ಕೋಲಾರದ ಕಡೆ ಹಿಪ್ಪುನೇರಳೆ ಮತ್ತು ಮಾರುಕಟ್ಟೆಯ ತರಕಾರಿ, ತುಮಕೂರಿನ ಕಡೆ ತೆಂಗು ಅಡಿಕೆಗಳು ಹಬ್ಬಿದವು. 1980ರ ದಶಕದಲ್ಲಿ ಸಾಮಾಜಿಕ ಅರಣ್ಯ ಯೋಜನೆಯ ಪ್ರೋತ್ಸಾಹದಿಂದ ಕೋಲಾರ ಮೊದಲಾದ ಜಿಲ್ಲೆಗಳ ಅನೇಕ ರಾಗಿ ಹೊಲಗಳಲ್ಲಿ ನೀಲಗಿರಿಯನ್ನು ನೆಟ್ಟರು. ನೀಲಗಿರಿಗೆ ಕಳೆ ಕೀಳಬೇಕಾಗಿಲ್ಲ, ಕುಯ್ಯುವ ಕೆಲಸ ಹಲವು ವರ್ಷಗಳಿಗೊಮ್ಮೆ; ಆದುದರಿಂದ ಊರುಬಿಟ್ಟು ಪಟ್ಟಣ ಸೇರಿದ ಜಮೀನುದಾರನಿಗೆ ಅದು ಅನುಕೂಲವಾಯಿತು. ಆದರೆ ಸುಗ್ಗಿಯಲ್ಲಿ ಕೂಲಿಯ ರೂಪವಾಗಿ ರಾಗಿಯನ್ನು ಪಡೆಯುತ್ತಿದ್ದ ಆಳುಮಕ್ಕಳಿಗೆ ಕೆಲಸವೂ ಹೋಯಿತು, ಕಾಳೂ ಹೋಯಿತು. ಒಬ್ಬನು ತನ್ನ ಹೊಲದಲ್ಲಿ ಏನನ್ನು ನೆಡುವನೆಂಬುದು ಅವನ ಮನೆಯ ವಿಷಯ ಮಾತ್ರವಲ್ಲ, ಹತ್ತು ಮನೆಗಳ ಒಲೆಯ ವಿಷಯವೆಂಬುದು ಇದರಿಂದ ತಿಳಿಯುವುದು.

4. ಮೂರನೆಯ ಬಾಗಿಲು: ಗಿರಣಿ

ರಾಗಿಯನ್ನು ಬೀಸಿದಾಗ ಹೊಟ್ಟು ಸಹಿತ ಹಿಟ್ಟಾಗುವುದು. ಕಾಳಿನ ಸಾರವೆಲ್ಲ ಹಿಟ್ಟಿನಲ್ಲಿಯೇ ಉಳಿಯುವುದು. ಭತ್ತದ ಸಂಗತಿ ಹಾಗಲ್ಲ. ಒರಳು ಒನಕೆಗಳಿಂದ ಕುಟ್ಟಿದ ಅಕ್ಕಿಯಲ್ಲಿ ತೌಡಿನ ಅಂಶವು ಸ್ವಲ್ಪ ಉಳಿಯುತ್ತಿತ್ತು. ಗಿರಣಿಯಲ್ಲಿ ಮೆರುಗು ಕೊಟ್ಟ ಅಕ್ಕಿಯು ಮಲ್ಲಿಗೆಯಂತೆ ಬಿಳುಪಾಗಿ ಕಾಣುವುದು. ಆದರೆ ಆ ಬಿಳುಪಿಗಾಗಿ ಉಜ್ಜಿ ತೆಗೆದ ತೌಡಿನ ಸಂಗಡ ಬಿ ಜೀವಸತ್ತ್ವವೂ ನಾರಿನಂಶವೂ ಕಬ್ಬಿಣದ ಅಂಶವೂ ಬಹುಮಟ್ಟಿಗೆ ಹೊರಟುಹೋಗುವುವು.

ಈ ಸತ್ಯವು ಲೋಕಕ್ಕೆ ತಿಳಿದ ಕಥೆಯು ಇಲ್ಲಿ ಹೇಳತಕ್ಕದ್ದು. 1890ರ ದಶಕದಲ್ಲಿ ಡಚ್ಚರ ಆಳ್ವಿಕೆಯಲ್ಲಿದ್ದ ಜಾವಾ ದ್ವೀಪದಲ್ಲಿ ಸಿಪಾಯಿಗಳೂ ಕೈದಿಗಳೂ ಬೆರಿಬೆರಿ ಎಂಬ ರೋಗದಿಂದ ಕಾಲು ಸ್ವಾಧೀನ ತಪ್ಪಿ, ಹೃದಯ ಕುಂದಿ ಸಾಯುತ್ತಿದ್ದರು. ಅದನ್ನು ಪರೀಕ್ಷಿಸುತ್ತಿದ್ದ ಐಕ್‌ಮನ್ ಎಂಬ ವೈದ್ಯನು ಸಾಕಿದ್ದ ಕೋಳಿಗಳಿಗೂ ಅಂಥದೇ ರೋಗ ಬಂದಿತು. ಕೆಲವು ತಿಂಗಳ ಮೇಲೆ ತಾನಾಗಿಯೇ ವಾಸಿಯಾಯಿತು. ವಿಚಾರಿಸಲಾಗಿ, ಮೊದಲು ಆ ಕೋಳಿಗಳಿಗೆ ಸೈನ್ಯದ ಆಸ್ಪತ್ರೆಯ ಅಡಿಗೆಮನೆಯಿಂದ ಬಿಳಿಯ ಅಕ್ಕಿಯ ಅನ್ನವನ್ನು ಹಾಕುತ್ತಿದ್ದರೆಂದೂ, ಹೊಸದಾಗಿ ಬಂದ ಅಡಿಗೆಯವನು ಸೈನ್ಯದ ಅಕ್ಕಿಯನ್ನು ಹೊರಗಿನ ಕೋಳಿಗಳಿಗೆ ಕೊಡಲಾಗದೆಂದು ನಿಲ್ಲಿಸಿದುದರಿಂದ ಅವಕ್ಕೆ ಮೆರುಗಿಲ್ಲದ ಒರಟು ಅಕ್ಕಿ ದೊರೆಯಿತೆಂದೂ ತಿಳಿದುಬಂದಿತು. ತರುವಾಯ ಜಾವಾದ ನೂರಕ್ಕೆ ಮೇಲ್ಪಟ್ಟ ಸೆರೆಮನೆಗಳಲ್ಲಿ ಲೆಕ್ಕ ತೆಗೆದು ನೋಡಿದಾಗ, ಮೆರುಗಿನ ಅಕ್ಕಿಯನ್ನು ಕೊಡುತ್ತಿದ್ದ ಕಡೆಗಳಲ್ಲಿ ರೋಗವು ಬಹಳವಾಗಿಯೂ, ಒರಟು ಅಕ್ಕಿಯನ್ನು ಕೊಡುತ್ತಿದ್ದ ಕಡೆಗಳಲ್ಲಿ ಅತ್ಯಲ್ಪವಾಗಿಯೂ ಇದ್ದುದು ಕಂಡುಬಂದಿತು. ಐಕ್‌ಮನ್ನನಿಗೆ 1929ರಲ್ಲಿ ನೊಬೆಲ್ ಪಾರಿತೋಷಕದ ಪಾಲು ದೊರೆಯಿತು.

ಇದರಲ್ಲಿ ಗಮನಿಸತಕ್ಕ ಅಂಶವೇನೆಂದರೆ, ಕೈದಿಯು ತನ್ನ ಅಕ್ಕಿಯನ್ನು ತಾನು ಆರಿಸಿಕೊಂಡವನಲ್ಲ. ಸರಬರಾಜಿನ ಆಜ್ಞೆಯಲ್ಲಿ ಯಾವ ಅಕ್ಕಿಯೆಂದು ಬರೆದಿತ್ತೋ ಅದೇ ಅವನ ಬದುಕನ್ನೂ ಸಾವನ್ನೂ ನಿರ್ಣಯಿಸಿತು. ಭಾರತದಲ್ಲಿಯೂ ಆಂಧ್ರದ ಕರಾವಳಿಯ ಉತ್ತರ ಜಿಲ್ಲೆಗಳಲ್ಲಿ ಮೆರುಗಿನ ಬೆಳ್ತಿಗೆ ಅಕ್ಕಿಯನ್ನು ತಿನ್ನುತ್ತಿದ್ದ ಜನರಲ್ಲಿ ಬೆರಿಬೆರಿಯು ಕಾಣಿಸಿಕೊಳ್ಳುತ್ತಿತ್ತು. ಭತ್ತವನ್ನು ಬೇಯಿಸಿ ಒಣಗಿಸಿ ಕುಟ್ಟಿದ ಕುಸುಬಲಕ್ಕಿಯನ್ನು ತಿನ್ನುವ ಸೀಮೆಗಳಲ್ಲಿ ಅದು ಅಪರೂಪವಾಗಿತ್ತು. ಏಕೆಂದರೆ ಬೇಯಿಸುವಾಗ ತೌಡಿನ ಸಾರವು ಕಾಳಿನ ಒಳಕ್ಕೆ ಇಳಿಯುವುದು. ದಕ್ಷಿಣ ಕನ್ನಡದ ಮನೆಗಳಲ್ಲಿ ಕುಚ್ಚಿಲಕ್ಕಿಯ ಗಂಜಿಯನ್ನು ಬಿಡದೆ ಉಳಿಸಿಕೊಂಡಿರುವುದು ರುಚಿಯ ಅಭ್ಯಾಸವಾದರೂ ಆರೋಗ್ಯಕ್ಕೆ ಹಿತವಾದ ಅಭ್ಯಾಸ.

5. ನಾಲ್ಕನೆಯ ಬಾಗಿಲು: ಬೆಲೆ ಮತ್ತು ಪಡಿತರ

1942ರಲ್ಲಿ ಬರ್ಮಾ ದೇಶವು ಜಪಾನಿನ ವಶವಾಗಿ ಅಲ್ಲಿಂದ ಬರುತ್ತಿದ್ದ ಅಕ್ಕಿಯು ನಿಂತುಹೋಯಿತು. 1943ರಲ್ಲಿ ಬಂಗಾಳದ ಕ್ಷಾಮದಲ್ಲಿ ಲಕ್ಷಾಂತರ ಜನರು ಸತ್ತರು. ಆ ಯುದ್ಧಕಾಲದಲ್ಲಿ ನಗರಗಳಲ್ಲಿ ಬೇರೂರಿದ ಪಡಿತರ ಪದ್ಧತಿಯು ಸ್ವಾತಂತ್ರ್ಯಾನಂತರವೂ ಬೇರೆಬೇರೆ ರೂಪಗಳಲ್ಲಿ ಮುಂದುವರಿಯಿತು. 1965ರಲ್ಲಿ ಭಾರತ ಆಹಾರ ನಿಗಮವೂ ಕೃಷಿ ಬೆಲೆಗಳ ಆಯೋಗವೂ ಸ್ಥಾಪಿತವಾದವು. ಗೋಧಿ ಭತ್ತಗಳನ್ನು ನಿಶ್ಚಿತ ಬೆಲೆಗೆ ಕೊಂಡು, ಉಗ್ರಾಣಗಳಲ್ಲಿ ತುಂಬಿ, ದೇಶದ ಎಲ್ಲ ಕಡೆಗೂ ಹಂಚುವ ಏರ್ಪಾಡು ಬಲವಾಯಿತು. ಬರ ಬಂದರೂ 1877ರಂತೆ ಜನರು ದಾರಿಯ ಪಕ್ಕದಲ್ಲಿ ಬಿದ್ದು ಸಾಯುವ ಕಾಲವು ಹೋಯಿತು. ಈ ಉಪಕಾರವನ್ನು ಯಾರೂ ಅಲ್ಲಗಳೆಯಲಾರರು.

ಆದರೆ ಉಗ್ರಾಣದಲ್ಲಿ ಯಾವ ಧಾನ್ಯವಿದೆಯೋ ಅದೇ ಅಂಗಡಿಗೆ ಬರುವುದು. ಅಂಗಡಿಯಲ್ಲಿ ಯಾವುದು ಅಗ್ಗವೋ ಅದೇ ಒಲೆಯ ಮೇಲೆ ಏರುವುದು. ಅಕ್ಕಿಯು ಮನೆಬಾಗಿಲಿಗೆ ಅಗ್ಗವಾಗಿ ಬಂದ ಮೇಲೆ, ಬಿತ್ತಿ, ಕಳೆ ತೆಗೆದು, ಕುಯ್ದು, ಕಣ ಮಾಡಿ, ತೂರಿ, ಬೀಸಿ, ತೊಳಸಿ ಮುದ್ದೆ ಕಟ್ಟುವ ಶ್ರಮವನ್ನು ಏಕೆ ಪಡಬೇಕೆಂದು ರೈತನ ಮನೆಯವರೇ ಯೋಚಿಸಿದರು. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯಿದೆಯು ಅಕ್ಕಿಗೆ ಕಿಲೋ ಒಂದಕ್ಕೆ 3 ರೂಪಾಯಿ, ಗೋಧಿಗೆ 2 ರೂಪಾಯಿ, ರಾಗಿ ಜೋಳ ಮೊದಲಾದ ಒರಟು ಧಾನ್ಯಗಳಿಗೆ 1 ರೂಪಾಯಿ ಎಂದು ಬೆಲೆಯನ್ನು ಗೊತ್ತುಮಾಡಿತು. ಕಾಯಿದೆಯ ಬರಹದಲ್ಲಿ ಒರಟು ಧಾನ್ಯವೇ ಎಲ್ಲಕ್ಕಿಂತ ಅಗ್ಗ; ಆದರೆ ದೇಶದ ಉಗ್ರಾಣಗಳಲ್ಲಿ ತುಂಬಿದ್ದುದು ಅಕ್ಕಿ ಗೋಧಿಗಳೇ ಆದುದರಿಂದ ಬಹುಪಾಲು ಜನರಿಗೆ ದೊರೆತುದೂ ಅವೇ. 2023ರ ಜನವರಿಯಿಂದ ಈ ಧಾನ್ಯವನ್ನು ಬೆಲೆಯಿಲ್ಲದೆ ಕೊಡುವ ಏರ್ಪಾಡಾಯಿತು.

ಸರ್ಕಾರದ ನೀತಿಯು ರಾಗಿಗೆ ಯಾವಾಗಲೂ ವಿರೋಧವಾಗಿತ್ತೆಂದೂ ಹೇಳಲಾಗದು. ಹೆಬ್ಬಾಳದ ಕ್ಷೇತ್ರದಲ್ಲಿ ಆರಿಸಿ ತೆಗೆದ ಎಚ್-22 ಎಂಬ ರಾಗಿ ತಳಿಯನ್ನು 1918ರಲ್ಲಿಯೇ ರೈತರಿಗೆ ಕೊಡಲಾಯಿತು. ತರುವಾಯ ಲಕ್ಷ್ಮಣಯ್ಯನವರು ಆಫ್ರಿಕಾದ ರಾಗಿಯನ್ನು ನಮ್ಮ ದೇಶದ ರಾಗಿಯೊಡನೆ ಸಂಕರ ಮಾಡಿ ಇಂಡಾಫ್ ತಳಿಗಳನ್ನು ಸೃಷ್ಟಿಸಿದರು. ಅವುಗಳಿಂದ ಎಕರೆಯ ಇಳುವರಿಯು ಬಹಳವಾಗಿ ಹೆಚ್ಚಿತು. 1996ರಲ್ಲಿ ಬಂದ ಜಿ.ಪಿ.ಯು.-28 ತಳಿಯು ಬೆಂಕಿ ರೋಗವನ್ನು ತಡೆಯುವ ಗುಣದಿಂದ ಪ್ರಸಿದ್ಧವಾಯಿತು. 2023-24ನೆಯ ಸಾಲಿಗೆ ಸಾಧಾರಣ ಭತ್ತಕ್ಕೆ ಕ್ವಿಂಟಾಲಿಗೆ 2,183 ರೂಪಾಯಿ ಬೆಂಬಲ ಬೆಲೆಯಿದ್ದಾಗ ರಾಗಿಗೆ 3,846 ರೂಪಾಯಿ ಗೊತ್ತಾಗಿತ್ತು. ಕರ್ನಾಟಕ ಸರ್ಕಾರವು ರಾಗಿಯನ್ನು ಕೊಂಡು ದಕ್ಷಿಣದ ಜಿಲ್ಲೆಗಳ ಪಡಿತರದಲ್ಲಿ ಸೇರಿಸಿದೆ. ಭಾರತದ ಸೂಚನೆಯ ಮೇರೆಗೆ ವಿಶ್ವಸಂಸ್ಥೆಯು 2023ನೆಯ ವರ್ಷವನ್ನು ಸಿರಿಧಾನ್ಯಗಳ ವರ್ಷವೆಂದು ಆಚರಿಸಿತು. ನೀತಿಯು ಒಂದು ಬಾಗಿಲನ್ನು ಮುಚ್ಚಬಲ್ಲುದಾದರೆ ಅದನ್ನೇ ಮತ್ತೆ ತೆರೆಯಲೂ ಬಲ್ಲುದು.

6. ದೇಹದ ಲೆಕ್ಕ

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2017ರಲ್ಲಿ ಪ್ರಕಟಿಸಿದ ಕೋಷ್ಟಕದ ಪ್ರಕಾರ, 100 ಗ್ರಾಂ ರಾಗಿಯಲ್ಲಿ ಸುಣ್ಣದ ಅಂಶವು ಸುಮಾರು 364 ಮಿಲಿಗ್ರಾಂ. ಮೆರುಗಿನ ಅಕ್ಕಿಯಲ್ಲಿ ಎಂಟು ಮಿಲಿಗ್ರಾಮಿಗೂ ಕಡಿಮೆ. ನಾರಿನ ಅಂಶವು ರಾಗಿಯಲ್ಲಿ ಸುಮಾರು 11 ಗ್ರಾಂ, ಅಕ್ಕಿಯಲ್ಲಿ ಸುಮಾರು 3 ಗ್ರಾಂ. ಕಬ್ಬಿಣದ ಅಂಶವು ರಾಗಿಯಲ್ಲಿ ನಾಲ್ಕೂವರೆ ಮಿಲಿಗ್ರಾಮಿಗೆ ಮೇಲು, ಅಕ್ಕಿಯಲ್ಲಿ ಒಂದು ಮಿಲಿಗ್ರಾಮಿಗೂ ಕಡಿಮೆ. ಮೈಕಟ್ಟನ್ನು ಬೆಳೆಸುವ ಸಸಾರಜನಕವು ಮಾತ್ರ ಎರಡರಲ್ಲಿಯೂ ಹೆಚ್ಚುಕಡಿಮೆ ಸಮನಾಗಿ 7-8 ಗ್ರಾಮಿನಷ್ಟಿದೆ. ದೊಡ್ಡವರಿಗೆ ದಿನ ಒಂದಕ್ಕೆ 1,000 ಮಿಲಿಗ್ರಾಂ ಸುಣ್ಣದ ಅಂಶವು ಬೇಕೆಂದು 2020ರ ಶಿಫಾರಸು. ದಿನಕ್ಕೆ 200 ಗ್ರಾಂ ರಾಗಿಹಿಟ್ಟನ್ನು ತಿನ್ನುವವನ ಊಟದಲ್ಲಿ 700 ಮಿಲಿಗ್ರಾಮಿಗೆ ಮೇಲ್ಪಟ್ಟು ಸುಣ್ಣದ ಅಂಶವಿರುವುದು. ಅಷ್ಟೇ ತೂಕದ ಬಿಳಿಯ ಅಕ್ಕಿಯನ್ನು ತಿನ್ನುವವನ ಊಟದಲ್ಲಿ 15 ಮಿಲಿಗ್ರಾಂ. ಹಾಲು ಸೊಪ್ಪುಗಳಿಂದ ಈ ಕೊರತೆಯನ್ನು ತುಂಬಿಕೊಳ್ಳುವ ಶಕ್ತಿಯಿದ್ದವರಿಗೆ ಚಿಂತೆಯಿಲ್ಲ. ಇಲ್ಲದವರಿಗೆ, ಅದರಲ್ಲಿಯೂ ಬಸುರಿ ಬಾಣಂತಿಯರಿಗೆ, ಇದು ಸಣ್ಣ ವ್ಯತ್ಯಾಸವಲ್ಲ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ ಸುಮಾರು 35 ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿರಲಿಲ್ಲ. 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆಯಿತ್ತು. ಅದೇ ಕಾಲದಲ್ಲಿ ಇನ್ನೊಂದು ಕಡೆಯಿಂದ ಬೇರೆ ಕಷ್ಟವು ಬಂದಿದೆ. ಭಾರತದ ವೈದ್ಯಕೀಯ ಸಂಶೋಧನಾ ಮಂಡಲಿಯ ಅಧ್ಯಯನದಂತೆ 2021ರಲ್ಲಿ ದೇಶದಲ್ಲಿ ಮಧುಮೇಹ ರೋಗಿಗಳ ಸಂಖ್ಯೆಯು 10 ಕೋಟಿಯನ್ನು ದಾಟಿತ್ತು. ಈ ಎಲ್ಲಕ್ಕೂ ಊಟವೊಂದೇ ಕಾರಣವಲ್ಲ. ಕೊಳೆನೀರು, ಹೊಟ್ಟೆಯ ಹುಳು, ಬೇಗನೆ ಮದುವೆ, ಮೈಗೆ ಶ್ರಮವಿಲ್ಲದ ಕೆಲಸ, ವಂಶದ ಗುಣ ಇವೂ ಕಾರಣಗಳು. ಆದರೆ ತಟ್ಟೆಯ ಬಹುಭಾಗವು ಬಿಳಿಯ ಅನ್ನವಾಗಿ, ಬೇಳೆ ಸೊಪ್ಪುಗಳು ತಟ್ಟೆಯ ಅಂಚಿಗೆ ಸರಿದರೆ, ಎಳೆಯ ಮಕ್ಕಳಿಗೆ ಬೆಳವಣಿಗೆಯ ಕೊರತೆಯೂ ಕುಳಿತು ದುಡಿಯುವ ದೊಡ್ಡವರಿಗೆ ರಕ್ತದಲ್ಲಿ ಸಕ್ಕರೆಯ ಹೆಚ್ಚಳವೂ ಒಂದೇ ಮನೆಯಲ್ಲಿ ಕಾಣಿಸಿಕೊಳ್ಳಲು ಅವಕಾಶವಾಗುವುದು. ಮನೆಯಲ್ಲಿ ಎಲ್ಲರ ಊಟವಾದ ಮೇಲೆ ಉಳಿದುದನ್ನು ಹೆಂಗಸರು ಉಣ್ಣುವ ವಾಡಿಕೆಯಿರುವ ಕಡೆ ಸಾರಿನ ತಳದಲ್ಲಿದ್ದ ಕಾಳೂ ಅವರ ಪಾಲಿಗೆ ಇಲ್ಲವಾಗುವುದು.

7. ರಾಗಿಯೊಂದೇ ಸಾಲದು

ರಾಗಿ ತಿಂದವನು ನಿರೋಗಿಯೆಂಬ ಗಾದೆಯನ್ನು ನಂಬಿ ರಾಗಿಯೊಂದರಿಂದಲೇ ಎಲ್ಲವೂ ಸರಿಹೋಗುವುದೆಂದು ತಿಳಿಯಬಾರದು. ರಾಗಿಯ ಸಿಪ್ಪೆಯಲ್ಲಿರುವ ಕೆಲವು ಒಗರಾದ ವಸ್ತುಗಳು ಅದರ ಸುಣ್ಣದ ಮತ್ತು ಕಬ್ಬಿಣದ ಅಂಶಗಳನ್ನು ದೇಹವು ಪೂರ್ತಿಯಾಗಿ ಹೀರಿಕೊಳ್ಳದಂತೆ ತಡೆಯುವುವು. ರಾಗಿಯ ಸಸಾರಜನಕದಲ್ಲಿ ಲೈಸಿನ್ ಎಂಬ ಅಂಶವು ಕಡಿಮೆ. ಅದನ್ನು ತುಂಬಿಕೊಡುವುವು ಅವರೆ, ತೊಗರಿ, ಹುರುಳಿ, ಹೆಸರು ಮೊದಲಾದ ಕಾಳುಗಳು. ನುಣ್ಣಗೆ ಬೀಸಿದ ರಾಗಿಯನ್ನು ತೆಳ್ಳಗೆ ಗಂಜಿಮಾಡಿ ಸಕ್ಕರೆ ಬೆರಸಿ ಕುಡಿದರೆ ಮಧುಮೇಹವಿದ್ದವರಿಗೆ ಅದೂ ಹಿತವಲ್ಲ. ಹಳೆಯ ಊಟವು ಒಳ್ಳೆಯದಾಗಿದ್ದುದು ರಾಗಿಯಿಂದ ಮಾತ್ರವಲ್ಲ, ರಾಗಿಯ ಸಂಗಡ ಅಕ್ಕಡಿಯೂ ಸೊಪ್ಪೂ ಮಜ್ಜಿಗೆಯೂ ಇದ್ದುದರಿಂದ. ಅಕ್ಕಡಿಯಿಲ್ಲದ ಬರಿಯ ರಾಗಿಯೂ ಅರ್ಧ ಊಟವೇ.

ಮೊಳಕೆ ಕಟ್ಟುವುದರಿಂದ ಮೇಲೆ ಹೇಳಿದ ದೋಷವು ಕಡಿಮೆಯಾಗುವುದು. ರಾಗಿಯನ್ನು ಒಂದು ರಾತ್ರಿ ನೆನೆಸಿ, ನೀರು ಬಸಿದು, ಒದ್ದೆಬಟ್ಟೆಯಲ್ಲಿ ಗಂಟುಕಟ್ಟಿ ಒಂದೆರಡು ದಿನ ಇಟ್ಟರೆ ಮೊಳಕೆ ಬರುವುದು. ಅದನ್ನು ಒಣಗಿಸಿ, ಬೇರುಗಳನ್ನು ಉಜ್ಜಿ ಕೇರಿ, ಹದವಾಗಿ ಹುರಿದು ಬೀಸಿಡಬೇಕು. ಇದರೊಡನೆ ಹುರಿದ ಹೆಸರುಕಾಳಿನ ಹಿಟ್ಟನ್ನು ಬೆರಸಿ ಮಾಡಿದ ಅಂಬಲಿಯು ಆರು ತಿಂಗಳು ತುಂಬಿದ ಮಗುವಿಗೆ ತಾಯಿಯ ಹಾಲಿನ ಜೊತೆಗೆ ಕೊಡತಕ್ಕ ಉತ್ತಮವಾದ ಆಹಾರ. ಮುದ್ದೆಯ ಸಾರಿಗೆ ಸೊಪ್ಪು ಹಾಕಿ, ಬಡಿಸುವಾಗ ನಿಂಬೆರಸವನ್ನು ಹಿಂಡಿದರೆ ಕಬ್ಬಿಣದ ಅಂಶವು ದೇಹಕ್ಕೆ ಹೆಚ್ಚು ಹತ್ತುವುದು. ಊಟವಾದೊಡನೆ ಕಾಫಿ ಚಹಗಳನ್ನು ಕುಡಿದರೆ ಅದು ಕಡಿಮೆಯಾಗುವುದು.

8. ಜಮೀನುದಾರರೂ ಗ್ರಾಮದ ಯಜಮಾನರೂ ಮಾಡತಕ್ಕ ಕೆಲಸಗಳು

ಊಟವನ್ನು ಬದಲಾಯಿಸಿರೆಂದು ಬಡವರಿಗೆ ಬೋಧಿಸುವುದರಿಂದ ಪ್ರಯೋಜನ ಸ್ವಲ್ಪ. ಒಳ್ಳೆಯ ಊಟವು ಅವರಿಗೆ ಸುಲಭವಾಗುವಂತೆ ಏರ್ಪಡಿಸುವುದರಿಂದ ಪ್ರಯೋಜನ ಹೆಚ್ಚು. ಅದಕ್ಕಾಗಿ ಕೆಳಗಿನ ಕ್ರಮಗಳನ್ನು ಅನುಸರಿಸಬಹುದು.

(ಅ) ಅಕ್ಕಡಿಯನ್ನು ಬಿಡಬಾರದು. ಎಂಟು ಸಾಲು ರಾಗಿಗೆ ಒಂದು ಸಾಲು ಅವರೆ ಅಥವಾ ಎರಡು ಸಾಲು ತೊಗರಿಯನ್ನು ಇಟ್ಟರೆ ರಾಗಿಗೆ ಹೆಚ್ಚಿನ ನಷ್ಟವಿಲ್ಲದೆ ಮನೆಗೆ ಬೇಳೆ ದೊರೆಯುವುದು. ಭೂಮಿಯ ಫಲವತ್ತತೆಗೂ ಸಹಾಯವಾಗುವುದು.

(ಆ) ನೀರಾವರಿಯಿರುವವರು ಎಲ್ಲ ಭೂಮಿಯನ್ನೂ ಕಬ್ಬು ಭತ್ತಗಳಿಗೇ ಕೊಡದೆ, ಮನೆಯ ಖರ್ಚಿಗೆ ಸಾಕಾಗುವಷ್ಟು ರಾಗಿಗೂ ಕಾಳುಗಳಿಗೂ ಒಂದು ಪಾಲನ್ನು ಮೀಸಲಾಗಿಡತಕ್ಕದ್ದು. ಭತ್ತದ ಕೊಯ್ಲಾದ ಮೇಲೆ ಉಳಿದ ತೇವದಲ್ಲಿ ಹೆಸರು, ಉದ್ದು, ಅಲಸಂದೆ ಇವುಗಳನ್ನು ಬಿತ್ತಬಹುದು.

(ಇ) ಸುಗ್ಗಿಯಲ್ಲಿ ಬೆಂಬಲ ಬೆಲೆಯ ಕೇಂದ್ರಕ್ಕೆ ಎಲ್ಲ ರಾಗಿಯನ್ನೂ ಹೊತ್ತುಹಾಕಿ, ಬಳಿಕ ತಮ್ಮ ಮನೆಗೇ ಅಂಗಡಿಯ ಹಿಟ್ಟನ್ನು ತರುವವರಿದ್ದಾರೆ. ಮೊದಲು ಬಿತ್ತನೆಗೆ, ಎರಡನೆಯದಾಗಿ ವರ್ಷದ ಊಟಕ್ಕೆ, ಮೂರನೆಯದಾಗಿ ಮಾರಾಟಕ್ಕೆ ಎಂಬ ಹಿರಿಯರ ಕ್ರಮವೇ ಸರಿಯಾದುದು.

(ಈ) ಮುಂಗಾರಿನ ಮೊದಲ ತಿಂಗಳುಗಳಲ್ಲಿ ಕೂಲಿಯವರ ಮನೆಗಳಲ್ಲಿ ಕಾಳಿನ ಅಭಾವವು ಹೆಚ್ಚು. ಶಕ್ತಿಯುಳ್ಳ ಜಮೀನುದಾರರು ಸ್ವಲ್ಪ ರಾಗಿಯನ್ನೂ ಅವರೆಕಾಳನ್ನೂ ಉಳಿಸಿಟ್ಟು, ಸುಗ್ಗಿಯ ಬೆಲೆಗೇ ಆ ಕಾಲದಲ್ಲಿ ಅವರಿಗೆ ಕೊಟ್ಟರೆ ಕೈಯಿಂದ ಹೋಗುವುದು ಅಲ್ಪ, ಊರಿಗೆ ಆಗುವ ಉಪಕಾರವು ಅಧಿಕ. ಸೊಪ್ಪುಸದೆ ಕಿತ್ತುಕೊಳ್ಳಲು ಹೊಲಕ್ಕೆ ಬಂದ ಹೆಂಗಸರನ್ನು ತಡೆಯಬಾರದು; ಕಳೆನಾಶಕವನ್ನು ಸಿಂಪಡಿಸಿದ ಹೊಲವಾದರೆ ಮುಂಚಿತವಾಗಿ ತಿಳಿಸತಕ್ಕದ್ದು.

(ಉ) ಪಡಿತರದಲ್ಲಿ ರಾಗಿ ಬಂದಾಗ ಅದು ಹಳೆಯದೆಂದೂ ಮಣ್ಣು ಬೆರೆತಿದೆಯೆಂದೂ ಜನರು ಬಿಟ್ಟುಹೋಗುವುದುಂಟು. ಮೂಟೆ ಬಿಚ್ಚುವಾಗ ಗ್ರಾಮದ ಮುಖಂಡರಿಬ್ಬರು ಎದುರಿಗಿದ್ದು ಕಾಳನ್ನು ನೋಡಿ, ಕೆಟ್ಟಿದ್ದರೆ ಒಡನೆಯೇ ತಾಲ್ಲೂಕಿನ ಅಧಿಕಾರಿಗಳಿಗೆ ಬರೆದು ತಿಳಿಸತಕ್ಕದ್ದು. ಬಂದ ರಾಗಿಯನ್ನು ಜನರು ಕೊಳ್ಳದಿದ್ದರೆ ಮುಂದಿನ ವರ್ಷ ಬೇಡಿಕೆಯಿಲ್ಲವೆಂದು ಅದು ನಿಂತೇಹೋಗಬಹುದು.

(ಊ) ಪಡಿತರದ ಅಕ್ಕಿಯಲ್ಲಿ ನೂರಕ್ಕೆ ಒಂದರಂತೆ ಬೇರೆ ಬಣ್ಣದ, ನೀರಿನಲ್ಲಿ ತೇಲುವ ಕಾಳುಗಳು ಕಂಡುಬಂದರೆ ಅವು ಪ್ಲಾಸ್ಟಿಕ್ ಅಕ್ಕಿಯೆಂಬ ಸುದ್ದಿಯನ್ನು ನಂಬಿ ಆರಿಸಿ ಎಸೆಯಬಾರದು. ಕಬ್ಬಿಣದ ಅಂಶವನ್ನೂ ಎರಡು ಬಗೆಯ ಬಿ ಜೀವಸತ್ತ್ವಗಳನ್ನೂ ಸೇರಿಸಿ ಅಕ್ಕಿಯ ಹಿಟ್ಟಿನಿಂದಲೇ ಮಾಡಿದ ಸಾರವರ್ಧಿತ ಕಾಳುಗಳು ಅವು. ಅವನ್ನು ಎಸೆದರೆ ಹೋಗುವುದು ಅಕ್ಕಿಯ ಸಾರವೇ.

(ಋ) ಶಾಲೆಯ ಮಧ್ಯಾಹ್ನದ ಊಟವೂ ಅಂಗನವಾಡಿಯ ಆಹಾರವೂ ಊರಿನ ಮಕ್ಕಳಿಗೆ ದೊರೆಯುವ ದೊಡ್ಡ ಆಸರೆಗಳು. ದೇಶದಲ್ಲಿ 1975ರಲ್ಲಿ ಶಿಶು ಅಭಿವೃದ್ಧಿ ಯೋಜನೆಯು ಆರಂಭವಾದಾಗ ಕರ್ನಾಟಕದಲ್ಲಿ ಮೊದಲು ಆರಿಸಲ್ಪಟ್ಟುದು ರಾಗಿ ಭತ್ತಗಳೆರಡನ್ನೂ ಬಲ್ಲ ತಿರುಮಕೂಡಲು ನರಸೀಪುರ. 2024ರಲ್ಲಿ ಸರ್ಕಾರಿ ಶಾಲೆಗಳ ಮಕ್ಕಳಿಗೆ ಹಾಲಿನೊಡನೆ ರಾಗಿ ಮಾಲ್ಟನ್ನು ಕೊಡುವ ಕಾರ್ಯವು ಆರಂಭವಾಯಿತು. ಇವು ಚೆನ್ನಾಗಿ ನಡೆಯುವುದೂ ನಡೆಯದಿರುವುದೂ ಊರಿನವರ ಕಣ್ಣಿನ ಮೇಲೆ ಬಹಳವಾಗಿ ಅವಲಂಬಿಸಿದೆ. ತಿಂಗಳಿಗೊಮ್ಮೆಯಾದರೂ ಯಜಮಾನರು ಅಲ್ಲಿಗೆ ಹೋಗಿ, ಸಾರಿನಲ್ಲಿ ಬೇಳೆ ಸೊಪ್ಪುಗಳಿವೆಯೇ, ನೀರು ಶುದ್ಧವಾಗಿದೆಯೇ ಎಂದು ವಿಚಾರಿಸಬೇಕು. ಶಾಲೆಯ ಹಿತ್ತಿಲಲ್ಲಿ ನಾಲ್ಕು ನುಗ್ಗೆಯ ಮರಗಳನ್ನು ನೆಡಿಸುವುದಕ್ಕೆ ಯಾವ ಆಜ್ಞೆಯೂ ಬೇಕಾಗಿಲ್ಲ.

(ೠ) ಮದುವೆ ಹಬ್ಬಗಳ ಊಟದಲ್ಲಿ ಊರಿನ ದೊಡ್ಡವರು ಮುದ್ದೆಯನ್ನೂ ಅವರೆಕಾಳಿನ ಸಾರನ್ನೂ ಎಲ್ಲರ ಎದುರಿಗೆ ಎಲೆಗೆ ಬಡಿಸಿದರೆ, ಹಿಟ್ಟುಣ್ಣುವುದು ಬಡವರ ಗುರುತೆಂಬ ಭಾವನೆಯು ತಾನಾಗಿಯೇ ಕರಗುವುದು. ಜನರು ಬೋಧನೆಯನ್ನು ಕೇಳುವುದಕ್ಕಿಂತ ಹೆಚ್ಚಾಗಿ ದೊಡ್ಡವರ ಎಲೆಯನ್ನು ನೋಡುವರು.

9. ಕಡೆಯ ಮಾತು

ಅಣೆಕಟ್ಟನ್ನು ಕಟ್ಟುವುದೂ ಧಾನ್ಯದ ಬೆಲೆಯನ್ನು ಗೊತ್ತುಮಾಡುವುದೂ ಒಂದು ಗ್ರಾಮದ ಕೈಲಿರುವ ಕೆಲಸಗಳಲ್ಲ. ಆದರೆ ಹೊಲದಲ್ಲಿ ಏನನ್ನು ಬಿತ್ತಬೇಕು, ಕಣದಿಂದ ಎಷ್ಟನ್ನು ಮನೆಗೆ ತರಬೇಕು, ಆಳಿನ ಮನೆಯ ಒಲೆ ಉರಿಯುತ್ತಿದೆಯೇ, ಶಾಲೆಯ ಕೊಪ್ಪರಿಗೆಯಲ್ಲಿ ಏನಿದೆ ಎಂಬ ಪ್ರಶ್ನೆಗಳಿಗೆ ಉತ್ತರವು ಗ್ರಾಮದಲ್ಲಿಯೇ ಇದೆ. ಮುಂಗಾರು ಬಿತ್ತನೆಗೆ ಮುಂಚೆ ಊರಿನವರು ಚಾವಡಿಯಲ್ಲಿ ಸೇರಿ, ಈ ವರ್ಷ ಊರಿನಲ್ಲಿ ಎಷ್ಟು ಎಕರೆ ರಾಗಿ, ಎಷ್ಟು ಸಾಲು ಅವರೆ ತೊಗರಿ ಎಂಬುದನ್ನು ಲೆಕ್ಕ ಹಾಕತಕ್ಕದ್ದು. ಆ ಲೆಕ್ಕದಲ್ಲಿ ಜಮೀನಿಲ್ಲದವರ ಊಟವೂ ಸೇರಿರಬೇಕು.